ತೊಟ್ಟಿಲಲ್ಲಿ ಮುಳ್ಳು

ಜಂಬ ಎಂದರೆ ಜಂಬವೇ, ಬೇಕಾದ ಹಾಗೆ ಕರೆಯಿರಿ. ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ, ಒಂದು ಗಾಜಿನ ಬುರುಡೆಯೊಳಗೆ, ಕಡಲ ಸೀಗಡಿ ಮೊಟ್ಟೆಯೊಡೆದು, ಬೆಳೆದು, ಕಾಲೂರಿ ನಿಂತಿದೆ. ಕಡಲು ನಮ್ಮಿಂದ ಎಷ್ಟು ದೂರವೆಂದರೆ ನಾನು ಅದನ್ನು ನೋಡಿರುವುದು ಕ್ಯಾಲೆಂಡರಿನಲ್ಲಿ ಮಾತ್ರ. ಇಷ್ಟು ಮಾಡಿದ ಮೇಲೂ ತಲೆ ತಗ್ಗಿಸಿ ಓಡಾಡಬೇಕು ಎನ್ನುವವರು ಹಾಗೇ ಓಡಾಡಿಕೊಳ್ಳಲಿ. ನನ್ನ ಕೈಲಾಗದು.

ನಮ್ಮದು ಮುಂದೆ ಸಲೂನು, ಹಿಂದೆ ಸಂಸಾರ. ಸಲೂನಿನ ನಡುವೆ ಒಂದು ಪರದೆ. ಪರದೆಯ ಆಚೆ ನನ್ನ ಗಂಡ ಗಂಡಸರ ತಲೆ ನೋಡಿಕೊಳ್ಳುತ್ತಾರೆ, ಈಚೆ ನಾನು ಹೆಂಗಸರದು. ಹಿಂದಿನ ಕೋಣೆಯಲ್ಲಿ ಮಂಚದಷ್ಟು ಉದ್ದದ ಗಾಜಿನ ಟ್ಯಾಂಕು. ಅದರ ಪಕ್ಕದಲ್ಲಿ ನಮ್ಮ ಮಂಚ. ಕೋಣೆಯಲ್ಲಿ ಯಾರಾದರೂ ಒಬ್ಬರು ಮೈ ಮುದುಡಿಕೊಂಡು ಇರಬೇಕು ಎಂದಾದಾಗ ಮುದುಡಿಕೊಂಡವರು ನಾವು.

ಇವು ತಿನ್ನುವ ಸೀಗಡಿಯಲ್ಲ. ಬೆರಳುದ್ದದ ಕೆಂಪು ಮೈ, ತಲೆಯಿಂದ ಬಾಲದವರೆಗೆ ಬೈತಲೆ ತೆಗೆದಂತೆ ಒಂದು ಬಿಳಿ ಗೆರೆ, ಉದ್ದನೆಯ ಬಿಳಿ ಮೀಸೆ. ಕಸುಬು ಮಾತ್ರ ನಮ್ಮದೇ. ಕಡಲೊಳಗೆ ಯಾವುದಾದರೂ ಬಂಡೆಯ ಮೇಲೆ ಅಂಗಡಿ ತೆರೆದು ನಿಲ್ಲುತ್ತವೆ. ದೊಡ್ಡ ದೊಡ್ಡ ಮೀನುಗಳು ಬಂದು, ಬಾಯಿ ತೆರೆದು, ಮಿಸುಕಾಡದೆ ನಿಲ್ಲುತ್ತವೆ. ಸೀಗಡಿ ಅವುಗಳ ಮೈಮೇಲೆ ಹತ್ತಿ, ಹುಳ, ಸತ್ತ ಚರ್ಮ, ಹಲ್ಲಿನ ಸಂದಿಯ ಚೂರು, ಎಲ್ಲ ಹೆಕ್ಕಿ ತಿಂದು ಚೊಕ್ಕಟ ಮಾಡಿ ಕಳಿಸುತ್ತದೆ. "ನಮ್ಮ ಗಿರಾಕಿಗಳಿಗಿಂತ ಮೀನುಗಳೇ ವಾಸಿ ಕಣೇ, ಫೋನಲ್ಲಿ ಮಾತಾಡ್ತಾ ತಲೆ ಅಲ್ಲಾಡಿಸಲ್ಲ" ಎನ್ನುತ್ತಾರೆ ನನ್ನ ಗಂಡ.

ಜೋಡಿಯನ್ನು ತಂದ ದಿನ ಅವರೇ ದೊಡ್ಡದಕ್ಕೆ ಯಜಮಾನ, ಚಿಕ್ಕದಕ್ಕೆ ಯಜಮಾನಿ ಎಂದು ಹೆಸರಿಟ್ಟರು. ಕೆಲವು ವಾರಕ್ಕೆ ಯಜಮಾನಿಯ ಹೊಟ್ಟೆಯಡಿ ಹಸಿರು ಮೊಟ್ಟೆಗಳ ಗೊಂಚಲು ಕಂಡಿತು. ಸಂಭ್ರಮಪಟ್ಟೆವು. ಅದಾದ ಮೇಲೆ ನೋಡಿದರೆ ಯಜಮಾನನ ಹೊಟ್ಟೆಯಡಿಯೂ ಅಂಥದೇ ಗೊಂಚಲು! ಈ ಜಾತಿಯ ಸೀಗಡಿಯಲ್ಲಿ ಬೆಳೆದು ನಿಂತ ಪ್ರತಿಯೊಂದೂ ಗಂಡೂ ಹೌದು, ಹೆಣ್ಣೂ ಹೌದು. ಸರದಿಯ ಮೇಲೆ ಬಸುರಾಗುತ್ತವೆ. ಅದು ಗೊತ್ತಾದಾಗ ನನ್ನ ಗಂಡ ಕತ್ತರಿಯನ್ನು ಕೆಳಗಿಟ್ಟು, "ಸದ್ಯ, ಮನುಷ್ಯರಲ್ಲಿ ಹೀಗಿಲ್ಲ" ಎಂದರು.

"ಸದ್ಯ ಅಂದ್ರೆ ಯಾರಿಗ್ರೀ?" ಎಂದೆ. ಅವತ್ತು ಪಾತ್ರೆಯನ್ನು ಅವರೇ ತೊಳೆದರು.

ನನ್ನ ತವರಿನದು ಬಣ್ಣದ ಮೀನಿನ ಅಂಗಡಿ. ಇಲ್ಲಿಂದ ನಾಲ್ಕು ಬೀದಿ ಆಚೆ. ಅಪ್ಪ ಕಟ್ಟಿದ್ದು, ಈಗ ಅಣ್ಣ ನಡೆಸುತ್ತಾನೆ. ಅಪ್ಪ ಅಣ್ಣನಿಗೆ ಎಲ್ಲ ಕಲಿಸಿದರು. ಪಂಪಿನ ಸದ್ದು ಕೇಳಿ ಅದರ ಆಯಸ್ಸು ಹೇಳುವುದನ್ನು ಕಲಿಸಿದರು, ಹೊಸ ಮೀನನ್ನು ಹೊಸ ನೀರಿಗೆ ಒಗ್ಗಿಸುವುದನ್ನು ಕಲಿಸಿದರು, ಮೀನಿನ ಮುಖ ನೋಡಿ ಜ್ವರ ಹೇಳುವುದನ್ನು ಕಲಿಸಿದರು. ನನಗೆ ಒಂದು ಹಳೆಯ ದಿನಪತ್ರಿಕೆ ಕೊಟ್ಟು ಗಾಜು ಒರೆಸಲು ಹೇಳಿದರು, ಅದೂ ಹೊರಗಿನಿಂದ. ಕೈ ಒಳಗೆ ಹಾಕಿದರೆ, "ಹೆಣ್ಣುಮಗು ನೀನು, ಉಪ್ಪು ನೀರಲ್ಲಿ ಕೈ ಯಾಕೆ ಕೆಡಿಸ್ಕೋತೀಯ" ಎನ್ನುತ್ತಿದ್ದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಒಳ್ಳೆಯ ಮನಸ್ಸಿನಿಂದ ಮುಚ್ಚಿದ ಬಾಗಿಲೂ ಮುಚ್ಚಿದ ಬಾಗಿಲೇ. ನಾನು ಒರೆಸುತ್ತ ಒರೆಸುತ್ತ ಒಳಗಿನದನ್ನೆಲ್ಲ ನೋಡಿಕೊಂಡೆ.

ಹಾಗಾಗಿ, ಸೀಗಡಿ ಮರಿ ಮಾಡಿಸುತ್ತೇನೆ ಎಂದು ನಾನು ಹೇಳಿದಾಗ ಅಣ್ಣ ನಕ್ಕದ್ದು ನನಗೆ ಎಲ್ಲಿ ನಾಟಬೇಕೋ ಅಲ್ಲೇ ನಾಟಿತು.

"ಅದು ಮನೇಲಿ ಆಗೋ ಕೆಲಸ ಅಲ್ಲ ಕಣೇ. ದೊಡ್ಡ ದೊಡ್ಡೋರೇ ಕೈ ಸುಟ್ಕೊಂಡಿದ್ದಾರೆ. ಕಡಲಿಂದ ಹಿಡಿದು ತರ್ತಾರೆ, ನಾವು ಮಾರ್ತೀವಿ, ಅಷ್ಟೇ."

"ಮಾಡಿ ತೋರಿಸ್ತೀನಿ."

"ತೋರಿಸು, ತೋರಿಸು" ಎಂದು ಅಣ್ಣ ಗಿರಾಕಿಯ ಕಡೆ ತಿರುಗಿದ. ಮೂಲೆಯ ಕುರ್ಚಿಯಲ್ಲಿ ಅಪ್ಪ ಕೂತಿದ್ದರು. ಅವರಿಗೆ ಈಗ ಕಣ್ಣು ಮಂಜು, ಬೆಳಕು ನೆರಳು ಬಿಟ್ಟರೆ ಹೆಚ್ಚೇನೂ ಕಾಣಿಸದು. ಒಂದೇ ಒಂದು ಮರಿ ದೊಡ್ಡದಾಗಲಿ, ಅದು ನನ್ನದು ಎಂದು ಈ ಇಬ್ಬರ ಬಾಯಲ್ಲಿ ಬರಲಿ, ಬೇರೇನೂ ಬೇಡ ಎಂದುಕೊಂಡು ಮನೆಗೆ ಬಂದೆ.

ಈ ಸೀಗಡಿ ಮೊಟ್ಟೆ ಒಡೆಯುವುದು ದೀಪ ಆರಿದ ಮೇಲೆ. ನಾನು ದಿನವೆಲ್ಲ ನಿಂತು ಕೆಲಸ ಮಾಡುವವಳು, ರಾತ್ರಿ ಎಚ್ಚರವಿರುವುದು ನನ್ನಿಂದಾಗದು. ಅದಕ್ಕೇ ಟ್ಯಾಂಕಿನ ಹಗಲು ರಾತ್ರಿಯನ್ನೇ ತಿರುವುಮುರುವು ಮಾಡಿದೆ. ರಾತ್ರಿಯಿಡೀ ಅದಕ್ಕೆ ದೀಪ. ಮಧ್ಯಾಹ್ನ, ಸಲೂನು ಖಾಲಿ ಹೊಡೆಯುವ ಹೊತ್ತಿಗೆ, ದೀಪ ಆರಿಸಿ, ಗಿರಾಕಿಗಳಿಗೆ ಹೊದಿಸುವ ಕರಿ ಬಟ್ಟೆಗಳನ್ನು ಸುತ್ತಲೂ ಇಳಿಬಿಟ್ಟರೆ ಸೀಗಡಿಗಳಿಗೆ ರಾತ್ರಿ. "ನಮ್ಮನೇಲಿ ಸೂರ್ಯನ ಸ್ವಿಚ್ಚು ಇವಳ ಕೈಲಿದೆ" ಎಂದು ನನ್ನ ಗಂಡ ಗಲ್ಲಕ್ಕೆ ನೊರೆ ಹಚ್ಚುತ್ತಲೇ ಗಿರಾಕಿಗಳಿಗೆ ಹೇಳುವರು.

ಒಂದು ಮಧ್ಯಾಹ್ನ ಬಟ್ಟೆಯೊಳಗೆ ತಲೆ ತೂರಿಸಿ, ಮೂಲೆಯಲ್ಲಿ ಸಣ್ಣ ಬ್ಯಾಟರಿ ಹಿಡಿದೆ. ನೀರೊಳಗೆ ಧೂಳು ಎದ್ದಂತೆ ಮರಿಗಳು ಬೆಳಕಿನತ್ತ ಬಂದವು. ಗಾಜಿನ ಚೂರಿಗೆ ಎರಡು ಕಣ್ಣು ಇಟ್ಟಂತಿದ್ದವು. ಅವನ್ನು ಬಲೆಯಿಂದ ಎತ್ತುವಂತಿಲ್ಲ, ಗಾಳಿ ತಾಗಿದರೆ ಮುಗಿಯಿತು. ಲೋಟದಿಂದ ನೀರಿನ ಸಮೇತ ಮೊಗೆದು ಬೇರೆ ಪಾತ್ರೆಗೆ ಬಿಟ್ಟೆ. ಅವತ್ತು ಸಂಜೆ ಬಂದ ಹೆಂಗಸರೆಲ್ಲರಿಗೂ ಕೇಳದೆಯೇ ತಲೆಗೆ ಎಣ್ಣೆ ತಿಕ್ಕಿ ಕಳಿಸಿದೆ, ಅಷ್ಟು ಖುಷಿ.

ಆ ಮರಿಗಳು ಒಂದೂ ಉಳಿಯಲಿಲ್ಲ. ಚೌಕದ ಪಾತ್ರೆಯ ಮೂಲೆಗಳಲ್ಲಿ ಸಿಕ್ಕಿ ಸತ್ತವು. ಮೂಲೆಯೇ ಇಲ್ಲದ ಪಾತ್ರೆ ಬೇಕೆಂದು ನನ್ನ ಗಂಡ ಹಳೆಯ ಸಾಮಾನಿನ ಅಂಗಡಿಗಳನ್ನೆಲ್ಲ ತಡಕಾಡಿ, ಕುಂಬಳದಷ್ಟು ದೊಡ್ಡ ಗಾಜಿನ ಬುರುಡೆ ತಂದರು. ಯಾವುದೋ ದೊಡ್ಡ ಕಟ್ಟಡದ ದೀಪದ್ದಿರಬೇಕು. ಅದನ್ನು ಬಾಯಿ ಮೇಲಾಗಿ ಕೂರಿಸಿ, ಒಂದು ಬದಿಯಿಂದ ಗಾಳಿಯ ಕೊಳವೆ ಇಳಿಬಿಟ್ಟೆವು. ಗುಳ್ಳೆ ಏಳುತ್ತಿದ್ದರೆ ನೀರು ಮೆಲ್ಲಗೆ ಸುತ್ತುತ್ತದೆ, ನೀರಿನ ಜೊತೆ ಮರಿಗಳೂ ಸುತ್ತುತ್ತವೆ, ಎಲ್ಲಿಯೂ ಡಿಕ್ಕಿ ಹೊಡೆಯುವುದಿಲ್ಲ. ನಾನು ಅದಕ್ಕೆ ತೊಟ್ಟಿಲು ಎಂದು ಹೆಸರಿಟ್ಟೆ.

ತೊಟ್ಟಿಲಲ್ಲಿ ಮುಂದಿನ ಮರಿಗಳು ಚೆನ್ನಾಗಿಯೇ ಸುತ್ತಿದವು. ಇವುಗಳಿಗೆ ಊಟವೂ ಜೀವಂತವೇ ಆಗಬೇಕು. ಅಂಗಡಿಯಲ್ಲಿ ಡಬ್ಬಿಯೊಳಗೆ ಒಣಮೊಟ್ಟೆ ಸಿಗುತ್ತದೆ, ಉಪ್ಪು ನೀರಿಗೆ ಹಾಕಿದರೆ ಪುಡಿಹುಳಗಳು ಹೊರಬರುತ್ತವೆ, ಅವನ್ನು ಸೋಸಿ ಹಾಕುವುದು. ನನ್ನ ಮರಿಗಳು ತಿಂದು, ಪೊರೆ ಬಿಟ್ಟು, ಹುಟ್ಟುಗೋಲಿನಂಥ ಉದ್ದ ಕಾಲು ಬೆಳೆಸಿಕೊಂಡವು. ಆಮೇಲೆ ಕಾರಣವಿಲ್ಲದೆ ಕಡಿಮೆಯಾಗತೊಡಗಿದವು. ಬೆಳಿಗ್ಗೆ ಇದ್ದಷ್ಟು ಸಂಜೆಗೆ ಇರುತ್ತಿರಲಿಲ್ಲ. ಭೂತಗನ್ನಡಿ ಹಿಡಿದು ನೋಡಿದಾಗ ಕಳ್ಳರು ಸಿಕ್ಕರು. ಬುರುಡೆಯ ಒಳಗೋಡೆಯಲ್ಲಿ ಸಾಸಿವೆಗಿಂತ ಸಣ್ಣ ಹೂವುಗಳು ಬೆಳೆದಿದ್ದವು. ನೋಡಲು ಹೂವು, ಆದರೆ ಅವೂ ಪ್ರಾಣಿಗಳೇ. ಹಾದುಹೋಗುವ ಮರಿಯನ್ನು ಕುಟುಕಿ ಹಿಡಿದು ನುಂಗುತ್ತವೆ. ಒರೆಸೋಣವೆಂದರೆ ಬಟ್ಟೆಗೆ ಸಿಕ್ಕಿ ಮರಿಗಳ ಕಾಲು ಮುರಿಯುತ್ತಿದ್ದವು. ಒರೆಸದಿದ್ದರೆ ಹೂವು ತಿನ್ನುತ್ತಿತ್ತು. ನೋಡುತ್ತ ನೋಡುತ್ತ ಆ ಸಲದ ಮರಿಗಳೂ ಮಣ್ಣುಪಾಲಾದವು. ನಾನು ಅತ್ತೆ. ಅತ್ತದ್ದು ಸಾಲದೆಂದು ಗಂಡನ ಜೊತೆ ಕಾಲು ಕೆರೆದು ಜಗಳವಾಡಿದೆ. ಪಾಪ, ಅವರು ಎದುರಾಡಲಿಲ್ಲ.

ದಾರಿ ತೋರಿಸಿದ್ದು ಟೋಪಿ ಸಾಹೇಬರು. ದೊಡ್ಡ ಟ್ಯಾಂಕಿನಲ್ಲಿ ನಾನು ಕಡಲ ಮುಳ್ಳುಚೆಂಡುಗಳನ್ನೂ ಸಾಕಿದ್ದೇನೆ. ಹೆಸರೇ ಹೇಳುವ ಹಾಗೆ, ಮೈಯೆಲ್ಲ ಮುಳ್ಳಿರುವ ಚೆಂಡು. ಬಾಯಿ ಅಡಿಯಲ್ಲಿ, ಮುಳ್ಳುಗಳ ನಡುವೆ ಅಂಟುವ ಸಣ್ಣ ಕಾಲುಗಳು. ನಿಂಬೆಹಣ್ಣಿನಷ್ಟಿರುವ ಒಂದಕ್ಕೆ ಸಿಕ್ಕಿದ್ದನ್ನೆಲ್ಲ ತಲೆಯ ಮೇಲೆ ಹೊತ್ತುಕೊಳ್ಳುವ ಚಟ. ಚಿಪ್ಪು, ಕಲ್ಲುಚೂರು, ಒಮ್ಮೆ ಉಷ್ಣಮಾಪಕವನ್ನೇ ಹೊತ್ತು ಮೆರವಣಿಗೆ ಹೊರಟಿತ್ತು. ಅದೇ ನಮ್ಮ ಟೋಪಿ ಸಾಹೇಬರು. ಬೇಜಾರಿನಲ್ಲಿ ಟ್ಯಾಂಕಿನ ಮುಂದೆ ಕೂತಿದ್ದವಳು ಸಾಹೇಬರು ಗಾಜಿನ ಮೇಲೆ ನಡೆಯುವುದನ್ನು ನೋಡುತ್ತಿದ್ದೆ. ಅವರು ಹೋದ ದಾರಿಯಲ್ಲಿ, ನನ್ನ ಗಂಡ ಮಶೀನು ಆಡಿಸಿದ ತಲೆಯ ಹಾಗೆ, ಒಂದು ಪಟ್ಟಿ ನುಣ್ಣಗಾಗಿತ್ತು. ಪಾಚಿಯೂ ಇಲ್ಲ, ಹೂವೂ ಇಲ್ಲ.

ಎದ್ದು ನಿಂತೆ. ಇವರನ್ನು ತೊಟ್ಟಿಲಿಗೆ ಹಾಕಿದರೆ? ಮರಿಗಳು ನೀರಿನ ನಡುವೆ ಸುತ್ತುತ್ತವೆ, ಸಾಹೇಬರು ಗೋಡೆ ಹಿಡಿದು ನಡೆಯುತ್ತಾರೆ. ಒಬ್ಬರ ದಾರಿಗೆ ಒಬ್ಬರು ಬರುವುದಿಲ್ಲ.

ಟ್ಯಾಂಕಿನ ನೀರಿಗೆ ಬೆರೆಸುವ ಉಪ್ಪು ಕೊಳ್ಳಲು ಅಂಗಡಿಗೆ ಹೋದಾಗ ಅಣ್ಣನಿಗೆ ಇದನ್ನು ಹೇಳಿದೆ. ಅವನು ಬಿದ್ದು ಬಿದ್ದು ನಕ್ಕ.

"ತೊಟ್ಟಿಲಲ್ಲಿ ಮುಳ್ಳು ಇಡ್ತಾರೇನೇ? ಒಂದೊಂದು ಮರೀನೂ ಚುಚ್ಚಿಸ್ಕೊಂಡು ಸಾಯುತ್ತೆ. ಅಪ್ಪಾ, ಕೇಳಿದ್ಯಾ ನಿನ್ನ ಮಗಳ ಬುದ್ಧಿ?"

ಅಪ್ಪ ಮುಖವನ್ನು ನನ್ನ ಧ್ವನಿಯತ್ತ ತಿರುಗಿಸಿದರು. "ಆಟ ಆಡ್ಕೊಳ್ಳಲಿ ಬಿಡೋ" ಎಂದರು.

ಆಡಿಕೊಳ್ಳಲಿ! ಅಣ್ಣನ ನಗು ನನಗೆ ಅಷ್ಟು ಉರಿಸಲಿಲ್ಲ, ಈ ಮಾತು ಉರಿಸಿತು. ಉಪ್ಪಿನ ಚೀಲವನ್ನು ಹೆಗಲಿಗೇರಿಸಿಕೊಂಡು, ಗಂಡನ ಸ್ಕೂಟರಿಗೂ ಕಾಯದೆ ನಡೆದೇ ಬಂದೆ.

ಮುಂದಿನ ಮರಿಗಳು ಹುಟ್ಟಿದಾಗ ಸಾಹೇಬರನ್ನು ತೊಟ್ಟಿಲಿಗೆ ಇಳಿಸಿದೆ. ಅವರು ಗೋಡೆಯನ್ನು ಗುತ್ತಿಗೆ ಹಿಡಿದವರಂತೆ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಸವೆಸಿದರು. ಹೂವುಗಳು ತಲೆ ಎತ್ತಲಿಲ್ಲ. ಮರಿಗಳು ಕಡಿಮೆಯಾಗುವುದು ನಿಂತಿತು. ಆದರೆ ಒಂದು ವಿಷಯ ನಾನು ಯೋಚಿಸಿರಲಿಲ್ಲ. ತೊಟ್ಟಿಲಲ್ಲಿ ಚಿಪ್ಪಿಲ್ಲ, ಕಲ್ಲಿಲ್ಲ. ಸಾಹೇಬರಿಗೆ ಟೋಪಿ ಇಲ್ಲ.

ಒಂದು ಬೆಳಿಗ್ಗೆ ಸಲೂನು ತುಂಬಿತ್ತು. ನಾನು ಒಬ್ಬರ ಕೂದಲಿಗೆ ಬಣ್ಣ ಹಚ್ಚುತ್ತಿದ್ದೆ. ಪರದೆಯ ಆಚೆ ನನ್ನ ಗಂಡನ ಮಾತು ಇದ್ದಕ್ಕಿದ್ದಂತೆ ನಿಂತಿತು. "ಏ, ಗುಳ್ಳೆ ಸದ್ದು ಇಲ್ಲ ಕಣೇ!" ಎಂದು ಕೂಗಿದವರೇ, ಅರ್ಧ ಗಲ್ಲ ಬೋಳಿಸಿದ ಗಿರಾಕಿಯನ್ನು ಬಿಟ್ಟು, ಕ್ಷೌರದ ಕತ್ತಿ ಕೈಯಲ್ಲೇ ಹಿಡಿದು ಹಿಂದಕ್ಕೆ ಓಡಿದರು. ನಾನು ಅವರ ಹಿಂದೆ. ಸಾಹೇಬರು ಗಾಳಿಯ ಕೊಳವೆಯನ್ನು ಕ್ಲಿಪ್ಪಿನಿಂದ ಕಿತ್ತು, ಮಡಚಿ, ತಲೆಯ ಮೇಲೆ ಹೊತ್ತು ಠೀವಿಯಿಂದ ನಿಂತಿದ್ದರು. ನೀರು ನಿಂತಿತ್ತು. ಮರಿಗಳೆಲ್ಲ ತಳದಲ್ಲಿ ಒಂದರ ಮೇಲೊಂದು ರಾಶಿ ಬಿದ್ದಿದ್ದವು.

ನನ್ನ ಕೈಯಲ್ಲಿ ಬಣ್ಣ, ಅವರ ಕೈಯಲ್ಲಿ ನೊರೆ. ಆ ಕೈ ನೀರಿಗೆ ತಾಗಿದರೆ ಎಲ್ಲ ಮುಗಿದಂತೆ. ನನ್ನ ಗಂಡ ಬಾಗಿ, ಕೊಳವೆಯ ಹೊರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಮೆಲ್ಲಗೆ ಎಳೆದರು. ಸಾಹೇಬರೂ ಎಳೆದರು. ಸ್ವಲ್ಪ ಹೊತ್ತು ಇಬ್ಬರಿಗೂ ಹಗ್ಗಜಗ್ಗಾಟವೇ ನಡೆಯಿತು. ಕೊನೆಗೆ ಕೊಳವೆ ಬಿಡಿಸಿಕೊಂಡಿತು, ಗುಳ್ಳೆ ಎದ್ದಿತು, ರಾಶಿ ಮೆಲ್ಲಗೆ ಕದಲಿ, ಮರಿಗಳು ಒಂದೊಂದಾಗಿ ಮೇಲೆದ್ದು ಮತ್ತೆ ಸುತ್ತತೊಡಗಿದವು. ಎಲ್ಲವೂ ಅಲ್ಲ. ಆದರೆ ಸಾಕಷ್ಟು. ನನ್ನ ಗಂಡ ಬಾಯೊರೆಸಿಕೊಂಡು ಹೋಗಿ ಉಳಿದರ್ಧ ಗಲ್ಲ ಮುಗಿಸಿದರು. ನಾನು ಕೈ ತೊಳೆದು ಬಂದು ಸಾಹೇಬರಿಗೆ ಒಂದು ಕಪ್ಪೆಚಿಪ್ಪು ಕೊಟ್ಟೆ. ಆಮೇಲೆ ಅವರು ಕೊಳವೆಯ ತಂಟೆಗೆ ಹೋಗಲಿಲ್ಲ.

ಈ ಸೀಗಡಿಯ ಮರಿ ತಿಂಗಳುಗಟ್ಟಲೆ ತೇಲುತ್ತಲೇ ಇರುತ್ತದೆ. ನೆಲ ಮುಟ್ಟುವುದಿಲ್ಲ, ಬಣ್ಣ ಬರುವುದಿಲ್ಲ. ನಾವು ಕಣ್ಣಲ್ಲಿ ಕಣ್ಣಿಟ್ಟು ಕಾದೆವು. ಪೊರೆ ಬಿಡುವಾಗ ಕೆಲವು ಸತ್ತವು, ಯಾವ ಕಾರಣವೂ ಕೊಡದೆ ಕೆಲವು ಸತ್ತವು. ಬೆರಳೆಣಿಕೆಯಷ್ಟು ಉಳಿದವು. ಹೀಗೇ ಒಂದು ಮಧ್ಯಾಹ್ನ ತೊಟ್ಟಿಲಿಗೆ ಹೊದಿಸಿದ ಬಟ್ಟೆ ಸರಿಸಿದರೆ, ಅದರ ಗೋಡೆಯ ಮೇಲೆ ಒಂದು ಪುಟ್ಟ ಸೀಗಡಿ ತನ್ನ ಕಾಲ ಮೇಲೆ ತಾನು ನಿಂತಿತ್ತು. ಅಕ್ಕಿಕಾಳಿಗಿಂತ ಸ್ವಲ್ಪ ಉದ್ದ. ಬೆನ್ನ ಮೇಲೆ ಕೆಂಪು, ಕೆಂಪಿನ ನಡುವೆ ಬಿಳಿ ಗೆರೆ. ನಾನು ಕೂಗಿದ ಕೂಗಿಗೆ ಪರದೆಯ ಆಚೆ ಯಾರದೋ ಕೃತಾವು ಹೆಚ್ಚುಕಡಿಮೆಯಾಯಿತಂತೆ. ಆಗಲಿ ಬಿಡಿ, ಕೂದಲು ಬೆಳೆಯುತ್ತದೆ.

ಮುಂದಿನ ವಾರಗಳಲ್ಲಿ ಉಳಿದವೂ ಕಾಲೂರಿದವು. ಅವು ತುಸು ದೊಡ್ಡವಾದ ಮೇಲೆ ಒಂದು ಡಬ್ಬಿಯಲ್ಲಿ ನೀರು ತುಂಬಿ, ಎಲ್ಲಕ್ಕಿಂತ ಗಟ್ಟಿಯಾದದ್ದನ್ನು ಹಾಕಿಕೊಂಡು, ಅಣ್ಣನ ಅಂಗಡಿಗೆ ಹೋದೆ. ಡಬ್ಬಿಯನ್ನು ಅವನ ಮೇಜಿನ ಮೇಲೆ ಠಪ್ಪೆಂದು ಇಡುವ ಆಸೆಯಿತ್ತು. ಒಳಗೆ ಮರಿಯಿದ್ದುದರಿಂದ ಮೆಲ್ಲಗೆ ಇಟ್ಟೆ.

ಅಣ್ಣ ಬಾಗಿ ನೋಡಿದ. ಬಹಳ ಹೊತ್ತು ನೋಡಿದ. ಅವನ ಮುಖದಲ್ಲಿ ಒಂದು ಕ್ಷಣ ಬಂದದ್ದು ಮೆಚ್ಚುಗೆಯೇ, ನಾನು ಬೇಕಾದರೆ ಆಣೆ ಮಾಡುತ್ತೇನೆ. ಆದರೆ ಬಾಯಿಗೆ ಬರುವಷ್ಟರಲ್ಲಿ ಅದು ಬೇರೆಯಾಗಿತ್ತು.

"ಚೆನ್ನಾಗಿದೆ. ಗೊಂಬೆ ಇದ್ದ ಹಾಗಿದೆ."

"ಗೊಂಬೆ ಅಂದ್ರೆ?"

"ಇದು ಮೀನಿನ ಮುಖ ನೋಡಿದ್ಯಾ? ನಿನ್ನ ಟ್ಯಾಂಕಲ್ಲಿ ಮೀನೇ ಇಲ್ಲ. ಕಡಲಲ್ಲಿ ಹುಟ್ಟಿದ್ದಕ್ಕೆ ದೊಡ್ಡವನ್ನ ನೋಡಿ ನೋಡಿ ಕಸುಬು ಬರುತ್ತೆ. ಇದಕ್ಕೆ ಕಲಿಸೋರು ಯಾರು? ಮೀನು ಎದುರು ಬಂದ್ರೆ ಹೆದರಿ ಓಡುತ್ತೆ, ಇಲ್ಲಾ ಹೋಗಿ ಬಾಯಿಗೆ ಬೀಳುತ್ತೆ. ಕ್ಷೌರ ಬರದೋನ ಕೈಗೆ ಕತ್ತಿ ಕೊಟ್ಟ ಹಾಗೆ, ನಿನ್ನ ಗಂಡನ್ನೇ ಕೇಳು."

ಮರಿಗಳಿಗೆ ಅಪಾಯವೆಂದು ಮೀನುಗಳನ್ನು ನಾನೇ ಬೇರೆಯವರಿಗೆ ಕೊಟ್ಟುಬಿಟ್ಟಿದ್ದೆ. ಅಣ್ಣ ಹೇಳಿದ್ದು ಸುಳ್ಳು ಎನ್ನಲು ನನ್ನ ಹತ್ತಿರ ಏನೂ ಇರಲಿಲ್ಲ. ಡಬ್ಬಿ ಎತ್ತಿಕೊಂಡು ಬಂದೆ. ಆ ಮಾತು ಮಾತ್ರ ಬೆನ್ನು ಬಿಡಲಿಲ್ಲ. ಕಲಿಸೋರು ಯಾರು? ನನ್ನನ್ನೂ ಸೇರಿಸಿ ಕೇಳಿದ ಹಾಗಿತ್ತು.

ಇದಾಗಿ ಸ್ವಲ್ಪ ದಿನಕ್ಕೆ ಅಣ್ಣನೇ ನಮ್ಮ ಮನೆಗೆ ಬಂದ. ಸಲೂನಿನ ಬೆಂಚಿನ ಮೇಲೆ ಕೂತ, ಎದ್ದ, ಮತ್ತೆ ಕೂತ. ನನ್ನ ಗಂಡ, "ಬನ್ನಿ ಭಾವ, ಗಡ್ಡ ತೆಗೀಲಾ?" ಎಂದರೆ ಬೇಡವೆಂದ.

"ಮುದುಕ ಊಟ ಬಿಟ್ಟಿದ್ದಾನೆ" ಎಂದ.

ಮುದುಕ ಎಂದರೆ ಅಪ್ಪನ ಹಾವುಮೀನು. ತೋಳಿನಷ್ಟು ದಪ್ಪ, ಮೈ ತುಂಬ ಚುಕ್ಕೆ, ಬಾಯಿ ತುಂಬ ಹಲ್ಲು. ನಾನು ಶಾಲೆಗೆ ಹೋಗುವಾಗ ಬಂದದ್ದು, ಈಗಲೂ ಇದೆ. ಅಪ್ಪನಿಗೆ ಕಣ್ಣು ಕಾಣದಿದ್ದರೂ ದಿನವೂ ಉದ್ದನೆಯ ಕಡ್ಡಿಗೆ ಮೀನಿನ ತುಂಡು ಸಿಕ್ಕಿಸಿ ಅದಕ್ಕೆ ತಾವೇ ತಿನ್ನಿಸುತ್ತಾರೆ. ಕಡ್ಡಿ ಎಳೆಯುವ ಜೋರಿನಿಂದಲೇ ಅದರ ಆರೋಗ್ಯ ತಿಳಿಯುತ್ತಾರೆ. ಈಗ ಕಡ್ಡಿ ಎಳೆಯುವುದೇ ನಿಂತಿದೆಯಂತೆ. ಬಾಯಿಯ ಸುತ್ತ, ಕಿವಿರಿನ ಹತ್ತಿರ, ಬಿಳಿ ಬಿಳಿ ಹುಳ, ಸುಲಿದ ಚರ್ಮ. ಅದಕ್ಕೆ ಬೇರೆ ಮೀನಿನ ಹಾಗೆ ಹುರುಪೆಯಿಲ್ಲ. ನೀರಿಗೆ ಔಷಧಿ ಹಾಕಿದರೆ ಹುಳಕ್ಕಿಂತ ಮೊದಲು ಅದೇ ಸಾಯುತ್ತದೆ. ಕಡಲು ಕೆರಳಿ ದೋಣಿಗಳು ಇಳಿಯುತ್ತಿಲ್ಲ, ಎಲ್ಲಿಯೂ ಸೀಗಡಿ ಸಿಗುತ್ತಿಲ್ಲ.

"ಅಪ್ಪಾನೂ ಸರಿಯಾಗಿ ಊಟ ಮಾಡ್ತಿಲ್ಲ" ಎಂದ ಅಣ್ಣ. "ನಿನ್ನ ಜೋಡೀಲಿ ಒಂದು ಕೊಡು. ಯಜಮಾನನ್ನ ಕೊಟ್ರೂ ಸರಿ, ಯಜಮಾನೀನ ಕೊಟ್ರೂ ಸರಿ. ಕೆಲಸ ಆದ್ಮೇಲೆ ತಂದು ಬಿಡ್ತೀನಿ."

"ಒಂದರ ಹೊಟ್ಟೇಲಿ ಮೊಟ್ಟೆ ಇದೆ, ಜಾಗ ಬದಲಾಯಿಸಿದ್ರೆ ಉದುರಿಸಿಬಿಡುತ್ತೆ. ಇನ್ನೊಂದು ಈಗಷ್ಟೇ ಪೊರೆ ಬಿಟ್ಟು ಮೆತ್ತಗಿದೆ" ಎಂದೆ. ಎರಡೂ ನಿಜ. ಆದರೆ ಎರಡೂ ನೆಪ. "ನನ್ನ ಮರಿ ತರ್ತೀನಿ."

"ತಮಾಷೆ ಮಾಡ್ಬೇಡ ಕಣೇ."

"ನನ್ನ ಮರೀನೇ ಬರೋದು. ಬೇಕಾದ್ರೆ ಸರಿ, ಬೇಡದಿದ್ರೆ ಗಡ್ಡ ತೆಗೆಸ್ಕೊಂಡು ಹೋಗು."

ಅಣ್ಣ ನನ್ನ ಗಂಡನ ಮುಖ ನೋಡಿದ. ನನ್ನ ಗಂಡ ಬಾಚಣಿಗೆ ಒರೆಸುತ್ತ, "ನನ್ನ ನೋಡಬೇಡಿ ಭಾವ, ನಾನು ಗಾಳಿ ಕೊಳವೆ ಕಚ್ಚೋನು ಅಷ್ಟೇ" ಎಂದರು.

ಮರಿಯನ್ನು ಲೋಟದಿಂದ ಮೊಗೆದು ಡಬ್ಬಿಗೆ ಬಿಟ್ಟೆ. ಅದೀಗ ಮರಿಯಲ್ಲ, ಕಿರುಬೆರಳಿನಷ್ಟಾಗಿತ್ತು. ಮುದುಕನ ಒಂದು ಹಲ್ಲಿಗೂ ಸಾಲದು. ಅದು ಬಾಯಿಗೆ ಬಿದ್ದರೆ ಸೀಗಡಿಯ ಜೊತೆ ನನ್ನ ಮಾತೂ ಹೋಗುತ್ತದೆ. ಆಮೇಲೆ ಇದ್ದಬದ್ದ ಮರಿಗಳೆಲ್ಲ ಗೊಂಬೆಗಳೇ, ನಾನೂ ಆಟ ಆಡಿಕೊಳ್ಳುವವಳೇ. ಸ್ಕೂಟರಿನ ಹಿಂದೆ, ಡಬ್ಬಿಯನ್ನು ಮಡಿಲಲ್ಲಿ ಕರಿ ಬಟ್ಟೆಯೊಳಗೆ ಅವಿಸಿಟ್ಟುಕೊಂಡು ಕೂತೆ. ದಾರಿಯುದ್ದಕ್ಕೂ ಗುಂಡಿ ಬಂದರೆ ಸಾಕು ಗಂಡನ ಬೆನ್ನಿಗೆ ಗುದ್ದಿದೆ.

ಅಂಗಡಿಯಲ್ಲಿ ಅಪ್ಪ ಮುದುಕನ ಟ್ಯಾಂಕಿಗೆ ಭುಜ ತಾಗಿಸಿ ಕೂತಿದ್ದರು. ನಾನು ಬಂದದ್ದು ಗೊತ್ತಾದರೂ ತಲೆ ಎತ್ತಲಿಲ್ಲ. ಡಬ್ಬಿಯನ್ನು ಕೆಳಗಿಟ್ಟು, ಟ್ಯಾಂಕಿನಿಂದ ಸಣ್ಣ ಕೊಳವೆ ಇಳಿಬಿಟ್ಟು, ಅದಕ್ಕೊಂದು ಗಂಟು ಹಾಕಿ, ಹನಿ ಹನಿಯಾಗಿ ಆ ನೀರನ್ನು ಡಬ್ಬಿಗೆ ಬಿಟ್ಟೆ. ಅಣ್ಣ ಗಡಿಯಾರ ನೋಡಿದ, ಗಂಟಲು ಸರಿಮಾಡಿಕೊಂಡ. ನಾನು ಅವಸರ ಮಾಡಲಿಲ್ಲ. ಡಬ್ಬಿಯ ಉಪ್ಪೂ ಟ್ಯಾಂಕಿನ ಉಪ್ಪೂ ಒಂದಾದ ಮೇಲೆಯೇ ಮರಿಯನ್ನು ಒಳಗೆ ಬಿಟ್ಟೆ.

ಮುದುಕ ತನ್ನ ಮಣ್ಣಿನ ಕೊಳವೆಯೊಳಗೆ ತಲೆ ಮಾತ್ರ ಹೊರಗಿಟ್ಟು ಬಿದ್ದಿತ್ತು. ಮುಖವೆಲ್ಲ ಬಿಳಿ ಚಿಂದಿ. ನನ್ನ ಮರಿ ಎದುರಿನ ಕಲ್ಲಿನ ಮೇಲೆ ಇಳಿದು ಹಾಗೇ ನಿಂತಿತು. ಹತ್ತಿರ ಹೋಗಲಿಲ್ಲ, ದೂರವೂ ಓಡಲಿಲ್ಲ. ನೋಡಿ ನೋಡಿ ನನ್ನ ಕಣ್ಣು ಉರಿಯಿತು.

"ಗೊಂಬೆ" ಎಂದ ಅಣ್ಣ, ಮೆಲ್ಲಗೆ.

ಆಗ ಅದು ಅಲುಗಿತು. ಎಡಕ್ಕೆ ಬಲಕ್ಕೆ, ಎಡಕ್ಕೆ ಬಲಕ್ಕೆ ಮೈ ತೂಗತೊಡಗಿತು. ಬಿಳಿ ಮೀಸೆಗಳನ್ನು ಮುಂದಕ್ಕೆ ಚಾಚಿ ಬೀಸಿತು. ಮನೆಯಲ್ಲಿ ಒಂದು ದಿನವೂ ಅದು ಹೀಗೆ ಮಾಡಿದ್ದನ್ನು ನಾನು ನೋಡಿರಲಿಲ್ಲ. ಅಂಗಡಿ ತೆರೆದಿದೆ, ಬನ್ನಿ ಎಂದು ಕರೆಯುತ್ತಿತ್ತು. ಮುದುಕ ಕೊಳವೆಯಿಂದ ಮೊಳದಷ್ಟು ಹೊರಬಂದು ಬಾಯಿ ತೆರೆಯಿತು.

ಅಣ್ಣನ ಕೈ ಕಡ್ಡಿಯತ್ತ ಹೋಯಿತು. ನಾನು ಅವನ ಮಣಿಕಟ್ಟು ಹಿಡಿದೆ. ಮರಿ ಒಂದು ಕಾಲು ಮುದುಕನ ತುಟಿಯ ಮೇಲಿಟ್ಟಿತು. ಇನ್ನೊಂದಿಟ್ಟಿತು. ಹಲ್ಲುಗಳ ನಡುವೆ ಹೆಜ್ಜೆ ಹಾಕಿ ಒಳಗೆ ನಡೆದೇ ಹೋಯಿತು. ಮುದುಕನ ಬಾಯಿ ಅರ್ಧ ಮುಚ್ಚಿತು.

"ಯಾಕೆ ಎಲ್ಲ ಸುಮ್ಮನಾದ್ರಿ?" ಅಪ್ಪ ಕೇಳಿದರು. "ಏನಾಗ್ತಿದೆ, ಯಾರಾದ್ರೂ ಹೇಳ್ರೋ."

ನಾನು ಗಾಜಿನಿಂದ ಕಣ್ಣು ಕೀಳಲಿಲ್ಲ. ಅಣ್ಣನೇ ಹೇಳಬೇಕಾಯಿತು.

"ಸೀಗಡಿ ಅದರ ಬಾಯೊಳಗಿದೆ ಅಪ್ಪಾ. ಬಾಯಿ ಅರ್ಧ ಮುಚ್ಚಿದೆ... ಇಲ್ಲ, ಉಸಿರಾಡ್ತಿದೆ ಅಷ್ಟೇ. ಮತ್ತೆ ತೆರೀತು. ಮೀಸೆ ಕಾಣಿಸ್ತಿದೆ. ದವಡೆ ಮೇಲೆ ಹತ್ತಿದೆ, ಹೆಕ್ಕುತ್ತಿದೆ. ಬಿಳೀದು ಒಂದು ಕಿತ್ತು ತಿಂತು. ಇನ್ನೊಂದು. ಈಗ ಕಿವಿರಿನ ಹತ್ರ ಬಂತು. ಮುದುಕ ಕತ್ತು ಓರೆ ಮಾಡಿ ಕೊಡ್ತಿದೆ ಅಪ್ಪಾ, ಗಡ್ಡಕ್ಕೆ ಕೂತೋರ ಹಾಗೆ!" ಹೇಳುತ್ತ ಹೇಳುತ್ತ ಅಣ್ಣನ ಧ್ವನಿ ಚಿಕ್ಕಂದಿನದಾಯಿತು. ನನ್ನ ಹಿಡಿತದಿಂದ ಕೈ ಬಿಡಿಸಿಕೊಳ್ಳುವುದನ್ನೂ ಅವನು ಮರೆತಿದ್ದ.

ಅಪ್ಪ ಗಾಜಿಗೆ ಕಿವಿಯಿಟ್ಟು ಕೂತರು. "ಒಳ್ಳೇ ಕೆಲಸಗಾರ. ಎಲ್ಲಿಂದ ತರಿಸಿದ್ಯೋ?"

ಅಣ್ಣ ನನ್ನತ್ತ ನೋಡಿದ. ಸುಳ್ಳು ಹೇಳುವ ಮನುಷ್ಯ ಅವನಲ್ಲ, ಅದನ್ನು ನಾನು ಎಲ್ಲಿಯೂ ಹೇಳುತ್ತೇನೆ.

"ತರಿಸಿದ್ದಲ್ಲಪ್ಪಾ. ಇವಳ ಮನೇಲಿ ಹುಟ್ಟಿದ್ದು. ಮೊಟ್ಟೆಯಿಂದ ಇವಳೇ ಬೆಳೆಸಿದ್ದು. ಮೀನು ಅಂದ್ರೇನು ಅಂತ ಇವತ್ತೇ ನೋಡಿದ್ದು ಅದು."

"ಮನೇಲಾ?" ಅಪ್ಪ ಗಾಜಿನಿಂದ ಕಿವಿ ತೆಗೆದರು. "ಇವಳಿಗೆ ಯಾರು ಕಲಿಸಿದ್ರು? ನೀನಾ?"

"ನಾನಲ್ಲ."

"ನಾನೂ ಅಲ್ಲ" ಎಂದರು ಅಪ್ಪ.

ಈ ಮಾತಿಗೆ ಎಷ್ಟೋ ವರ್ಷಗಳಿಂದ ಉತ್ತರ ಕಟ್ಟಿಕೊಂಡಿದ್ದೆ. ಒಂದಕ್ಕಿಂತ ಒಂದು ಖಾರ. ಬಾಯಿಗೆ ಒಂದೂ ಬರಲಿಲ್ಲ. ಆದರೆ ಹೋಗಲಿ ಬಿಡಪ್ಪಾ ಎಂದೂ ಅನ್ನಲಿಲ್ಲ. ಅಂದಿದ್ದರೆ ಅದು ನನಗೆ ನಾನೇ ಮಾಡಿಕೊಂಡ ಮೋಸವಾಗುತ್ತಿತ್ತು.

"ಹೌದಪ್ಪಾ. ನಾನೇ ಕಲ್ತೆ" ಎಂದೆ.

ಅಪ್ಪ ತಲೆಯಾಡಿಸಿದರು. ಕೈಯಿಂದ ತಡಕಾಡಿ, ಪಕ್ಕದಲ್ಲಿದ್ದ ಸ್ಟೂಲನ್ನು ನನ್ನ ಧ್ವನಿ ಬಂದ ಕಡೆಗೆ ತಳ್ಳಿದರು.

"ಹಾಗಾದ್ರೆ ನಂಗೆ ಹೇಳು" ಎಂದರು. "ಮೊದಲಿಂದ ಹೇಳು. ಏನೂ ಬಿಡ್ಬೇಡ."

ನಾನು ಕೂತೆ. ಗಾಜಿನೊಳಗೆ ನನ್ನ ಮರಿ ಮುದುಕನ ಕಣ್ಣಿನ ಸುತ್ತ ಹುಬ್ಬು ತಿದ್ದುತ್ತಿತ್ತು. ಮೊಟ್ಟೆಯ ಬಣ್ಣ ಹೇಗಿರುತ್ತದೆ ಎಂಬಲ್ಲಿಂದ ಶುರುಮಾಡಿದೆ. ಬಾಗಿಲು ಕಿರುಗುಟ್ಟಿ ಗಿರಾಕಿಯೊಬ್ಬರು ಒಳಗೆ ಬಂದು ಮೀನಿನ ಆಹಾರ ಕೇಳಿದರು. ಅಣ್ಣ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದವನು ಏಳಲಿಲ್ಲ.

"ಸ್ವಲ್ಪ ತಡೀರಿ" ಎಂದ. "ನನ್ನ ತಂಗಿ ಹೇಳ್ತಿದ್ದಾಳೆ."